ಒಂಟಿ ನರಕೋಶಕ್ಕೆ ತಿಳಿಯದ್ದು ಗುಂಪಿಗೆ ತಿಳಿಯುವ ಬಗೆ

ಡಿಸೆಂಬರ್ ತಿಂಗಳಲ್ಲಿ ನಮ್ಮ ತೋಟದ ಕಾಫಿ ಕೊಯ್ಲು ನಡೆಯುವಾಗ ದೊಡ್ಡಪ್ಪ ಪ್ರತಿ ಹಣ್ಣನ್ನೂ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಮ್ಮೆ ಒತ್ತಿ ನೋಡಿಯೇ ಬಿಡಿಸುತ್ತಿದ್ದರು. ಕೆಂಪು ಹಣ್ಣು ಯಾವುದು, ಹಸಿರು ಕಾಯಿ ಯಾವುದು ಎಂಬುದು ಅವರ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಕಾರಣ ಕೇಳಿದರೆ, "ಕಣ್ಣು ಹೇಳದ್ದನ್ನು ಬೆರಳು ಹೇಳ್ತದೆ ಮಗಾ" ಎಂದು ನಕ್ಕು ಮುಂದಿನ ಗಿಡಕ್ಕೆ ಹೋಗುತ್ತಿದ್ದರು. ಅವರ ದೃಷ್ಟಿಯೇನೂ ಮಂದವಾಗಿರಲಿಲ್ಲ. ಗದ್ದೆಯ ಆಚೆ ದಡದ ಮರದಲ್ಲಿ ಕುಳಿತ ಹಕ್ಕಿಯನ್ನು ನಮಗಿಂತ ಮೊದಲು ಅವರೇ ಗುರುತಿಸುತ್ತಿದ್ದರು. ಅವರಿಗೆ ಇಲ್ಲದಿದ್ದದ್ದು ಒಂದು ಹೋಲಿಕೆ ಮಾತ್ರ.

ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣಕ್ಕೆ ಸ್ಪಂದಿಸುವ ಶಂಕುಕೋಶಗಳು ಮೂರು ಬಗೆಯವು. ಒಂದೊಂದು ಬಗೆಯೂ ಬೆಳಕಿನ ತರಂಗಗಳ ಅಗಲವಾದ ಪಟ್ಟಿಯೊಂದಕ್ಕೆ, ಕೆಲವಕ್ಕೆ ಹೆಚ್ಚಾಗಿ ಕೆಲವಕ್ಕೆ ಕಡಿಮೆಯಾಗಿ, ಸ್ಪಂದಿಸುತ್ತದೆ. ಹೀಗಾಗಿ ಮಂಕಾದ ಹಸಿರು ಬೆಳಕು ಮತ್ತು ಪ್ರಖರವಾದ ಕೆಂಪು ಬೆಳಕು ಒಂದೇ ಶಂಕುಕೋಶದಲ್ಲಿ ಒಂದೇ ಪ್ರಮಾಣದ ಪ್ರತಿಕ್ರಿಯೆ ಹುಟ್ಟಿಸಬಲ್ಲವು, ಮತ್ತು ಆ ಕೋಶವನ್ನಷ್ಟೇ ಕೇಳಿದರೆ ಬಂದದ್ದು ಯಾವ ಬಣ್ಣವೆಂದು ಹೇಳಲು ಅದಕ್ಕೆ ಸಾಧ್ಯವೇ ಇಲ್ಲ. ಬಣ್ಣ ಎಂಬುದು ಯಾವ ಕೋಶದೊಳಗೂ ಇಲ್ಲ. ಒಂದು ಬಗೆ ಎಷ್ಟು ಕೆರಳಿತು, ಇನ್ನೊಂದು ಬಗೆ ಎಷ್ಟು ಕೆರಳಿತು ಎಂಬ ಅನುಪಾತದಲ್ಲಿ ಇದೆ. ಮೂರರಲ್ಲಿ ಕೆಂಪು ಹಸಿರು ಬೆಳಕಿಗೆ ಹೆಚ್ಚು ಸ್ಪಂದಿಸುವ ಎರಡು ಬಗೆಗಳ ಪೈಕಿ ಒಂದು ಇಲ್ಲದಿದ್ದರೆ ಅಥವಾ ಇನ್ನೊಂದಕ್ಕೆ ತೀರ ಹತ್ತಿರ ಸರಿದಿದ್ದರೆ, ಕೆಂಪು ಹಸಿರುಗಳನ್ನು ಬೇರ್ಪಡಿಸುವ ಅನುಪಾತವೇ ಸಿಗುವುದಿಲ್ಲ. ಬಣ್ಣಕ್ಕೆ ಮೂರು ಬಗೆಯ ಗ್ರಾಹಕಗಳು ಸಾಕೆಂದು ಥಾಮಸ್ ಯಂಗ್ 1802ರಷ್ಟು ಹಿಂದೆಯೇ ಊಹಿಸಿದ್ದರು. ನರವಿಜ್ಞಾನಿಗಳು ಇಂದು ಸಮೂಹ ಸಂಕೇತ ಎಂದು ಕರೆಯುವ ವಿಚಾರದ ಅತ್ಯಂತ ಸರಳ ರೂಪ ಇದು.

ಇದು ಈಗ ಚರ್ಚೆಗೆ ಬರಲು ಕಾರಣವಿದೆ. ಮಿದುಳಿನಲ್ಲಿ ಎಲೆಕ್ಟ್ರೋಡ್ ಕೂರಿಸಿ, ಮಾತು ಕಳೆದುಕೊಂಡವರ ಮಾತನ್ನು ಕಂಪ್ಯೂಟರ್ ಪರದೆಯ ಮೇಲೆ ಮೂಡಿಸುವ ಯಂತ್ರಗಳು ಪ್ರಯೋಗಾಲಯ ದಾಟಿ ರೋಗಿಗಳ ಮನೆ ತಲುಪಿವೆ. "ಮನಸ್ಸನ್ನು ಓದುವ ಚಿಪ್" ಎಂಬ ತಲೆಬರಹ ತಿಂಗಳಿಗೊಮ್ಮೆಯಾದರೂ ಕಣ್ಣಿಗೆ ಬೀಳುತ್ತದೆ. ಆ ತಲೆಬರಹವನ್ನು ನಂಬಬೇಕೇ ಬೇಡವೇ ಎಂದು ನಿರ್ಧರಿಸಲು ಮೊದಲು ಮಿದುಳಿನಲ್ಲಿ ಓದುವಂಥದ್ದು ಏನಿದೆ, ಅದನ್ನು ಯಾರು ಓದುತ್ತಾರೆ ಎಂದು ಕೇಳಬೇಕು. ಈ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವೆಂಬುದು ನನ್ನ ವಾದ.

ಒಂದು ನರಕೋಶ ಮಾಡುವ ಕೆಲಸವನ್ನು ಮೊದಲು ಕೇಳಿಸಿಕೊಂಡವರು ಬ್ರಿಟನ್ನಿನ ಎಡ್ಗರ್ ಏಡ್ರಿಯನ್. ಒಂಟಿ ನರತಂತುವಿನ ವಿದ್ಯುತ್ ಮಿಡಿತಗಳನ್ನು 1926ರಲ್ಲಿ ದಾಖಲಿಸಿದ ಅವರು, ಪ್ರಚೋದನೆ ಬಲವಾದಂತೆ ಮಿಡಿತದ ಗಾತ್ರ ಬದಲಾಗುವುದಿಲ್ಲ, ಸೆಕೆಂಡಿಗೆ ಎಷ್ಟು ಮಿಡಿತ ಎಂಬ ಲೆಕ್ಕ ಏರುತ್ತದೆ ಎಂದು ತೋರಿಸಿದರು. 1932ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಬಂತು. 1959ರಿಂದ ಆಚೆಗೆ ನರವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಬೆಕ್ಕಿನ ಮಿದುಳಿನಲ್ಲಿ, ಒಂದು ನಿರ್ದಿಷ್ಟ ಓರೆಯಲ್ಲಿರುವ ಗೆರೆಗೆ ಹೆಚ್ಚಾಗಿ ಮಿಡಿಯುವ ನರಕೋಶಗಳನ್ನು ಕಂಡುಕೊಂಡರು. ಈ ಜಾಡಿನಲ್ಲೇ ಮುಂದುವರಿದರೆ ಪ್ರತಿಯೊಂದು ವಸ್ತುವಿಗೂ ಒಂದು ನರಕೋಶವಿರಬಹುದಲ್ಲವೇ ಎಂಬ ಯೋಚನೆ ಸಹಜ. ನಮ್ಮ ಅಜ್ಜಿಯನ್ನು ಕಂಡಾಗ ಮಾತ್ರ ಮಿಡಿಯುವ "ಅಜ್ಜಿ ಕೋಶ" ಎಂಬ ಹೆಸರು ಅಮೆರಿಕದ ನರವಿಜ್ಞಾನಿ ಜೆರೋಮ್ ಲೆಟ್ವಿನ್ ಅವರ ತಮಾಷೆಯಿಂದ ಬಂದದ್ದು.

2005ರಲ್ಲಿ ಆ ತಮಾಷೆ ನಿಜವಾಯಿತೆಂದು ಹಲವರು ಭಾವಿಸಿದರು. ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನಲ್ಲಿ ಎಲೆಕ್ಟ್ರೋಡ್ ಇರಿಸಿಕೊಂಡಿದ್ದ ರೋಗಿಯೊಬ್ಬರಲ್ಲಿ, ನಟಿ ಜೆನ್ನಿಫರ್ ಆನಿಸ್ಟನ್ ಅವರ ಬೇರೆಬೇರೆ ಚಿತ್ರಗಳಿಗೆ ಮಿಡಿದು ಇತರರ ಚಿತ್ರಗಳಿಗೆ ಸುಮ್ಮನಿದ್ದ ನರಕೋಶವೊಂದನ್ನು ಕಿಯಾನ್ ಕಿರೋಗಾ, ಇಟ್ಜಾಕ್ ಫ್ರೀಡ್ ಮತ್ತು ಸಂಗಡಿಗರು ವರದಿ ಮಾಡಿದರು. ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡಿ. ಮನುಷ್ಯನ ಮಿದುಳಿನಲ್ಲಿ ಸುಮಾರು 8600 ಕೋಟಿ ನರಕೋಶಗಳಿವೆ. ಪ್ರಯೋಗದಲ್ಲಿ ಎಲೆಕ್ಟ್ರೋಡಿಗೆ ಸಿಕ್ಕಿದ್ದು ಅದರ ಕಣದಷ್ಟು ಪಾಲು. ಒಬ್ಬ ವ್ಯಕ್ತಿಗೆ ಒಂದೇ ಕೋಶ ಮೀಸಲಾಗಿದ್ದರೆ, ಅಷ್ಟರಲ್ಲಿ ಅದೇ ಕೋಶ, ಅದಕ್ಕೆ ಹೊಂದುವ ಅದೇ ಚಿತ್ರ ಎರಡೂ ಒಟ್ಟಿಗೆ ಸಿಗುವ ಸಂಭವ ಇಲ್ಲವೇ ಇಲ್ಲ ಎನ್ನಬಹುದು. ಸಿಕ್ಕಿತೆಂದರೆ ಅಂಥ ಕೋಶಗಳು ಬಹಳ ಇವೆ ಎಂದರ್ಥ. ಸಂಶೋಧಕರದೇ ಅಂದಾಜಿನಲ್ಲಿ ಒಂದೊಂದು ವಿಷಯಕ್ಕೂ ಲಕ್ಷಗಟ್ಟಲೆ ಕೋಶಗಳು ಮಿಡಿಯುತ್ತವೆ, ಒಂದೊಂದು ಕೋಶವೂ ಹಲವು ವಿಷಯಗಳಿಗೆ ಮಿಡಿಯುತ್ತದೆ.

ವಿಷಯಕ್ಕೊಂದು ಕೋಶ ಎಂಬ ವ್ಯವಸ್ಥೆ ದುಬಾರಿಯೂ ಹೌದು. ಹತ್ತು ಕೋಶಗಳಿಂದ ಹತ್ತೇ ವಿಷಯಗಳನ್ನು ಹೇಳಬಹುದು. ಯಾವ ಯಾವ ಕೋಶ ಮಿಡಿಯಿತು, ಯಾವುದು ಮಿಡಿಯಲಿಲ್ಲ ಎಂಬ ವಿನ್ಯಾಸವನ್ನೇ ಸಂಕೇತವಾಗಿ ಹಿಡಿದರೆ ಅದೇ ಹತ್ತು ಕೋಶಗಳು 1024 ವಿಷಯಗಳನ್ನು ಹೇಳಬಲ್ಲವು. ಇಪ್ಪತ್ತು ಕೋಶಗಳು ಹತ್ತು ಲಕ್ಷಕ್ಕೂ ಮಿಕ್ಕಿ.

ಈ ಉಳಿತಾಯವನ್ನು ಮೂಗು ಚೆನ್ನಾಗಿ ತೋರಿಸುತ್ತದೆ. ಹುರಿದ ಕಾಫಿಯಿಂದ ಏಳುವ ಪರಿಮಳದಲ್ಲಿ 800ಕ್ಕೂ ಹೆಚ್ಚು ಬಗೆಯ ಆವಿಶೀಲ ರಾಸಾಯನಿಕಗಳಿವೆ. ಮನುಷ್ಯನ ಮೂಗಿನಲ್ಲಿರುವ ವಾಸನೆಯ ಗ್ರಾಹಕಗಳು ಸುಮಾರು 400 ಬಗೆ. ಈ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಕಂಡುಹಿಡಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರ ನೊಬೆಲ್ ಬಂತು. ಬಕ್ ಅವರ ತಂಡ 1999ರಲ್ಲಿ ತೋರಿಸಿದ್ದು ಇನ್ನೂ ಸ್ವಾರಸ್ಯಕರ: ಒಂದು ಗ್ರಾಹಕ ಹಲವು ರಾಸಾಯನಿಕಗಳಿಗೆ ಸ್ಪಂದಿಸುತ್ತದೆ, ಒಂದು ರಾಸಾಯನಿಕವನ್ನು ಹಲವು ಗ್ರಾಹಕಗಳು ಗುರುತಿಸುತ್ತವೆ, ಹೀಗಾಗಿ ವಾಸನೆಯ ಗುರುತು ಗ್ರಾಹಕಗಳ ಕೂಡಿಕೆಯಲ್ಲಿದೆ. ಆಫ್ರಿಕಾದ ಆನೆಯಲ್ಲಿ ಇಂಥ ಗ್ರಾಹಕಗಳು ಸುಮಾರು 2000 ಬಗೆ. ನಮ್ಮ ಕಡೆಯ ಆನೆಗಳೂ ಹಲಸು ಹಣ್ಣಾದದ್ದನ್ನು ತೋಟದವರಿಗಿಂತ ಮೊದಲು ತಿಳಿದು ಬೇಲಿ ಮುರಿದು ಬರುವುದನ್ನು ನೋಡಿದವರಿಗೆ ಆ ಸಂಖ್ಯೆ ಅಚ್ಚರಿ ಹುಟ್ಟಿಸಲಿಕ್ಕಿಲ್ಲ.

ಕೀಟಗಳಲ್ಲಿ ಇದು ಇನ್ನೂ ಸ್ಪಷ್ಟ. ಮಿಡತೆಯ ಮಿದುಳಿನಲ್ಲಿ ವಾಸನೆಯ ಸುದ್ದಿ ಮೊದಲ ಹಂತದಿಂದ ಮುಂದಕ್ಕೆ ಸಾಗುವುದು ಮಿದುಳಿನ ಒಂದೊಂದು ಬದಿಯಲ್ಲಿ ಸುಮಾರು 830 ನರಕೋಶಗಳ ಮೂಲಕ, ಮತ್ತು ಇವು ಹೆಚ್ಚುಕಡಿಮೆ ಎಲ್ಲ ವಾಸನೆಗೂ ಏನಾದರೊಂದು ಪ್ರತಿಕ್ರಿಯೆ ಕೊಡುತ್ತವೆ. ಮುಂದಿನ ಹಂತದಲ್ಲಿ ಸುಮಾರು 50,000 ಕೋಶಗಳಿವೆ. ಅವುಗಳಲ್ಲಿ ಒಂದು ವಾಸನೆಗೆ ಮಿಡಿಯುವುದು ಬೆರಳೆಣಿಕೆಯ ಪಾಲು ಮಾತ್ರ ಎಂದು ಜಿಲ್ ಲೋರಾಂ ಅವರ ಪ್ರಯೋಗಾಲಯ ತೋರಿಸಿತು. ಕಿಕ್ಕಿರಿದ ಗುಂಪಿನ ಗೊಣಗಾಟವನ್ನು ವಿಶಾಲವಾದ ಇನ್ನೊಂದು ಗುಂಪಿನ ಮೇಲೆ ಹರಡಿ ವಿರಳಗೊಳಿಸಿದರೆ, ಒಂದನ್ನೊಂದು ಹೋಲುವ ಎರಡು ವಾಸನೆಗಳ ವಿನ್ಯಾಸಗಳು ಬೇರೆಬೇರೆಯಾಗುತ್ತವೆ ಮತ್ತು ನೆನಪಿಡುವುದು ಸುಲಭವಾಗುತ್ತದೆ. ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ಕಾಫಿ ಹೂವಿಗೆ ಮುತ್ತುವ ಜೇನುನೊಣದ ಇಡೀ ಮಿದುಳಿನಲ್ಲಿರುವುದು ಹತ್ತು ಲಕ್ಷದ ಆಸುಪಾಸು ನರಕೋಶಗಳು. ಅವುಗಳಲ್ಲಿ ಮೂರನೆಯ ಒಂದರಷ್ಟು ಈ ಎರಡನೆಯ ಹಂತದವೇ.

ಸಮೂಹವನ್ನು ಓದುವುದು ಹೇಗೆ ಎಂಬುದಕ್ಕೆ ಮೊದಲ ಸ್ಪಷ್ಟ ಪಾಠ ಬಂದದ್ದು ಕೈಯ ಚಲನೆಯಿಂದ. ಕೋತಿಗಳು ಎಂಟು ದಿಕ್ಕುಗಳಲ್ಲಿ ಕೈ ಚಾಚುವಾಗ ಅವುಗಳ ಮಿದುಳಿನ ಚಾಲಕ ಪ್ರದೇಶದ ನರಕೋಶಗಳನ್ನು ದಾಖಲಿಸಿದ ಅಪೊಸ್ಟೊಲೋಸ್ ಜಾರ್ಜೊಪೌಲೋಸ್, 1982ರಿಂದ 1986ರ ನಡುವಿನ ಲೇಖನಗಳಲ್ಲಿ, ಪ್ರತಿ ಕೋಶಕ್ಕೂ ತನ್ನದೇ ಮೆಚ್ಚಿನ ದಿಕ್ಕೊಂದಿದ್ದರೂ ಅದರ ಆಚೀಚಿನ ದಿಕ್ಕುಗಳಿಗೂ ಅದು ಸಾಕಷ್ಟು ಮಿಡಿಯುತ್ತದೆಂದು ತೋರಿಸಿದರು. ಬಿದ್ದ ಮರದ ದಿಮ್ಮಿಗೆ ಹಲವು ಹಗ್ಗ ಕಟ್ಟಿ ಹತ್ತು ಜನ ಹತ್ತು ದಿಕ್ಕಿಗೆ ಬೇರೆಬೇರೆ ಬಲದಿಂದ ಎಳೆದರೆ ದಿಮ್ಮಿ ಯಾರೊಬ್ಬರ ದಿಕ್ಕಿಗೂ ಪೂರ್ತಿ ಹೋಗದೆ ಎಲ್ಲರ ಎಳೆತ ಕೂಡಿದ ದಿಕ್ಕಿಗೆ ಜಾರುತ್ತದೆ. ಕೋಶಗಳ ಎಳೆತವನ್ನು ಹೀಗೆ ಕೂಡಿಸಿದಾಗ ಸಿಕ್ಕ ದಿಕ್ಕು ಕೋತಿಯ ಕೈ ಸಾಗಿದ ದಿಕ್ಕಿಗೆ ಚೆನ್ನಾಗಿ ಹೊಂದಿತು. ಚಾಲಕ ಕೋಶಗಳು ನಿಜಕ್ಕೂ ದಿಕ್ಕನ್ನೇ ಹೇಳುತ್ತವೆಯೇ ಎಂಬ ಬಗ್ಗೆ ಆಮೇಲೆ ದೊಡ್ಡ ತಕರಾರು ಎದ್ದಿತು, ಅದು ಬೇರೆಯೇ ಕಥೆ. ಕೂಡಿಸಿ ಓದಬಹುದೆಂಬ ಪಾಠ ಉಳಿಯಿತು.

ಹಾಗಾದರೆ ಹೆಚ್ಚು ಕೋಶಗಳನ್ನು ಕೂಡಿಸಿದಷ್ಟೂ ಹೆಚ್ಚು ನಿಖರತೆ ಸಿಗಬೇಕಲ್ಲವೇ? ಇಲ್ಲಿಯೇ ವಿಷಯ ಜಟಿಲವಾಗುವುದು, ಮತ್ತು ಇದನ್ನು ವಿವರಿಸಲು ಕೊಡಗಿನ ತೋಟಗಳಲ್ಲಿರುವ ಮಳೆಮಾಪಕಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ಮಳೆಗಾಲದ ಬೆಳಗ್ಗೆ ಇಲ್ಲಿನ ವಾಟ್ಸಾಪ್ ಗುಂಪುಗಳಲ್ಲಿ ಮೊದಲು ಬರುವುದು ಮಳೆಯ ಲೆಕ್ಕ: ನಮ್ಮಲ್ಲಿ 2 ಇಂಚು 40 ಸೆಂಟ್ (ಇಂಚಿನ ನೂರನೆಯ ಒಂದು ಭಾಗ ಒಂದು ಸೆಂಟ್), ಪಕ್ಕದ ತೋಟದಲ್ಲಿ 2 ಇಂಚು 15, ಹೊಳೆಯಾಚೆ 2 ಇಂಚು 60. ಒಂದೇ ಮಳೆಗೆ ಇಷ್ಟು ಅಂತರವೇಕೆಂದರೆ ಒಂದು ಮಾಪಕದ ಮೇಲೆ ಸಿಲ್ವರ್ ಓಕ್ ಮರದ ಹನಿ ಬಿದ್ದಿರುತ್ತದೆ, ಇನ್ನೊಂದರ ಮೇಲೆ ಗಾಳಿ ಬೀಸಿ ಹನಿಗಳು ಆಲಿಕೆಯ ಹೊರಗೆ ಹಾರಿರುತ್ತವೆ, ಮತ್ತೊಂದೆಡೆ ಗಾಜಿನ ಅಳತೆಗೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿಯದೆ ಓದಿರುತ್ತಾರೆ. ಈ ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದವಾದರೆ ಸರಾಸರಿ ತೆಗೆದಾಗ ಪರಸ್ಪರ ಅಳಿಸಿಹೋಗುತ್ತವೆ; ನೂರು ಮಾಪಕಗಳ ಸರಾಸರಿಯಲ್ಲಿ ತಪ್ಪು ಒಂದು ಮಾಪಕದ ತಪ್ಪಿನ ಹತ್ತನೆಯ ಒಂದಕ್ಕೆ ಇಳಿಯುತ್ತದೆ. ಆದರೆ ಎಲ್ಲ ಮಾಪಕಗಳೂ ಒಂದೇ ಅಂಗಡಿಯ ಒಂದೇ ಕಂತಿನವಾಗಿ ಒಂದೇ ದೋಷ ಹೊತ್ತಿದ್ದರೆ, ಅಥವಾ ಎಲ್ಲದರ ಮೇಲೂ ಒಂದೇ ಗಾಳಿ ಬೀಸಿದ್ದರೆ, ಆ ಪಾಲು ಸರಾಸರಿಯಿಂದ ಹೋಗುವುದೇ ಇಲ್ಲ. ತಪ್ಪುಗಳ ನಡುವಿನ ಸಹಸಂಬಂಧ (ಅವು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ; ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1) 0.1ರಷ್ಟು ಸಣ್ಣದಿದ್ದರೂ, ಲೆಕ್ಕ ಹಾಕಿದರೆ, ನೂರು ಮಾಪಕಗಳು ಒಂಬತ್ತು ಸ್ವತಂತ್ರ ಮಾಪಕಗಳಿಗಷ್ಟೇ ಸಮ; ಸಾವಿರ ಮಾಪಕಗಳಿಟ್ಟರೂ, ಲಕ್ಷವಿಟ್ಟರೂ ಹತ್ತನ್ನು ದಾಟಲಾಗದು.

ನರಕೋಶಗಳೂ ಇಂಥ ಮಾಪಕಗಳೇ. ಒಂದೇ ಚಿತ್ರವನ್ನು ಹತ್ತು ಸಲ ತೋರಿಸಿದರೆ ಒಂದು ಕೋಶ ಹತ್ತು ಸಲವೂ ಬೇರೆಬೇರೆ ಸಂಖ್ಯೆಯಲ್ಲಿ ಮಿಡಿಯುತ್ತದೆ. ಈ ಏರಿಳಿತಕ್ಕೆ ನರವಿಜ್ಞಾನಿಗಳು ಗದ್ದಲ ಎನ್ನುತ್ತಾರೆ. ಚಲನೆಯನ್ನು ಗುರುತಿಸುವ ಪ್ರದೇಶದಲ್ಲಿ ಕೋಶಗಳನ್ನು ಜೋಡಿಯಾಗಿ ದಾಖಲಿಸಿದ ಜೊಹಾರಿ, ಶ್ಯಾಡ್ಲೆನ್ ಮತ್ತು ನ್ಯೂಸಮ್ 1994ರಲ್ಲಿ ಕಂಡ ಸಹಸಂಬಂಧ ಸರಾಸರಿ 0.12ರ ಸುಮಾರು. ಅಷ್ಟರಿಂದಲೇ ನೂರರ ಆಸುಪಾಸು ಕೋಶಗಳನ್ನು ಕೂಡಿಸಿದ ಮೇಲೆ ಹೆಚ್ಚಿನದರಿಂದ ಲಾಭವಿಲ್ಲವೆಂದು ಅವರು ತೀರ್ಮಾನಿಸಿದರು. ಅಂದರೆ ಕೋಟಿಗಟ್ಟಲೆ ಕೋಶಗಳು ದಂಡವೇ?

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ, ಆದರೆ ಅದು ಸರಾಸರಿಯೊಂದನ್ನೇ ಬೇಡುವ ಓದುಗನ, ಅಂದರೆ ಮಿಡಿತಗಳಿಂದ ಅರ್ಥ ತೆಗೆಯುವವನ, ಲೆಕ್ಕ. ಮತ್ತೆ ಮಳೆಗೆ ಬನ್ನಿ. ಕೊಡಗಿನ ಪಶ್ಚಿಮದ ಭಾಗಮಂಡಲದ ಮಾಪಕವೂ ಪೂರ್ವದ ಕುಶಾಲನಗರದ ಮಾಪಕವೂ ಒಂದೇ ದೋಷದಿಂದ ಹತ್ತು ಸೆಂಟ್ ಹೆಚ್ಚು ತೋರಿಸುತ್ತಿವೆ ಎಂದುಕೊಳ್ಳೋಣ. ಎರಡರ ಸರಾಸರಿ ಬೇಕಾದವನಿಗೆ ಆ ಹತ್ತು ಸೆಂಟ್ ಕಾಟ ತಪ್ಪದು. ಪಶ್ಚಿಮದಲ್ಲಿ ಪೂರ್ವಕ್ಕಿಂತ ಎಷ್ಟು ಹೆಚ್ಚು ಬಿತ್ತು ಎಂದು ತಿಳಿಯಬೇಕಾದವನು ಒಂದರಿಂದ ಇನ್ನೊಂದನ್ನು ಕಳೆಯುತ್ತಾನೆ, ಕಳೆದ ಕೂಡಲೇ ಸಮಾನ ದೋಷ ತಾನಾಗಿ ಮಾಯವಾಗುತ್ತದೆ. ಅವನ ಮಟ್ಟಿಗೆ ಎರಡೂ ಮಾಪಕಗಳು ಒಂದೇ ರೀತಿ ತಪ್ಪುವುದೇ ಒಳ್ಳೆಯದು. ಮಾಪಕಗಳು ಅವೇ, ತಪ್ಪುಗಳು ಅವೇ, ಓದುವ ಕ್ರಮ ಬೇರೆಯಾದ್ದರಿಂದ ನಷ್ಟ ಲಾಭವಾಯಿತು. ರೂಬೆನ್ ಮೊರೆನೊ-ಬೋಟೆ, ಅಲೆಕ್ಸಾಂಡರ್ ಪೂಜೆ ಮತ್ತು ಸಂಗಡಿಗರು 2014ರಲ್ಲಿ ಇದಕ್ಕೆ ಖಚಿತವಾದ ಗಣಿತ ಕೊಟ್ಟರು. ಅವರ ಪ್ರಕಾರ ಮಾಹಿತಿಗೆ ನಿಜವಾದ ಮಿತಿ ಹಾಕುವುದು ಒಂದೇ ಜಾತಿಯ ಸಹಸಂಬಂಧ: ನೋಡುತ್ತಿರುವ ವಸ್ತುವೇ ಸ್ವಲ್ಪ ಬದಲಾದಾಗ ಇಡೀ ಗುಂಪಿನಲ್ಲಿ ಯಾವ ವಿನ್ಯಾಸ ಮೂಡುತ್ತಿತ್ತೋ, ಅದೇ ವಿನ್ಯಾಸವನ್ನು ಗದ್ದಲವೂ ಮೂಡಿಸಿದರೆ ಯಾವ ಓದುಗನಿಗೂ ಅವೆರಡನ್ನು ಬೇರ್ಪಡಿಸಲಾಗದು. ಉಳಿದ ಸಹಸಂಬಂಧಗಳನ್ನು ಜಾಣ ಓದುಗ ನಿಭಾಯಿಸಬಲ್ಲ.

ಇದನ್ನು ಪರೀಕ್ಷಿಸಲು ಜೋಡಿ ಕೋಶಗಳು ಸಾಲವು, ಸಾವಿರಾರು ಒಟ್ಟಿಗೆ ಬೇಕು. ಕೂದಲಿಗಿಂತ ತೆಳುವಾದ ಸಲಾಕೆಯ ಮೇಲೆ 384 ಕಡೆಯಿಂದ ಏಕಕಾಲಕ್ಕೆ ದಾಖಲಿಸುವ ನ್ಯೂರೋಪಿಕ್ಸೆಲ್ಸ್ ಸಾಧನ 2017ರಲ್ಲಿ ಬಂತು. ಕೋಶಗಳು ಮಿಡಿದಾಗ ಹೊಳೆಯುವಂತೆ ಮಾಡಿ ಸೂಕ್ಷ್ಮದರ್ಶಕದಿಂದ ಚಿತ್ರೀಕರಿಸುವ ವಿಧಾನ ಅದಕ್ಕೂ ಮುಂದೆ ಹೋಯಿತು. ಈ ವಿಧಾನದಿಂದ ಕಾರ್ಸನ್ ಸ್ಟ್ರಿಂಜರ್, ಮಾರಿಯಸ್ ಪಾಕಿಟಾರಿಯು ಮತ್ತು ಸಂಗಡಿಗರು 2021ರಲ್ಲಿ ಇಲಿಯ ದೃಷ್ಟಿ ಪ್ರದೇಶದ 50,000ದವರೆಗಿನ ಕೋಶಗಳನ್ನು ಒಟ್ಟಿಗೆ ದಾಖಲಿಸಿ, ಗೆರೆಗಳ ಓರೆಯಲ್ಲಿ ಒಂದು ಡಿಗ್ರಿಯ ಮೂರನೆಯ ಒಂದರಷ್ಟು ವ್ಯತ್ಯಾಸವನ್ನೂ ಆ ಮಿಡಿತಗಳಿಂದ ಲೆಕ್ಕ ಹಾಕಬಹುದೆಂದು ತೋರಿಸಿದರು. ಆದರೆ ಅದೇ ಜಾತಿಯ ಇಲಿಗಳು ವರ್ತನೆಯಲ್ಲಿ ಗುರುತಿಸಬಲ್ಲ ವ್ಯತ್ಯಾಸ ಇದರ ಸುಮಾರು ನೂರು ಪಟ್ಟು ದೊಡ್ಡದು.

ಈ ನೂರು ಪಟ್ಟಿನ ಅಂತರದ ಮೇಲೆ ನಾನು ಒತ್ತು ಕೊಡುವುದಕ್ಕೆ ಕಾರಣವಿದೆ. ಕಂಪ್ಯೂಟರಿಗೆ ಸಿಗುವ ಮಾಹಿತಿಯೆಲ್ಲ ಇಲಿಗೆ ಸಿಗುತ್ತಿಲ್ಲ. ಮಿದುಳಿನ ಮುಂದಿನ ಹಂತಕ್ಕೆ ಆ ಕೋಶಗಳೆಲ್ಲದರ ಸಂಪರ್ಕವಿಲ್ಲದಿರಬಹುದು, ಇದ್ದ ಸಂಪರ್ಕವೂ ಗೆರೆಗಳ ಓರೆ ಅಳೆಯುವುದಕ್ಕೆಂದೇ ಆದದ್ದಲ್ಲದಿರಬಹುದು. ಇಲಿಗೆ ಅಷ್ಟು ನಿಖರತೆಯ ಅಗತ್ಯವೂ ಬಿದ್ದಿರಲಿಕ್ಕಿಲ್ಲ. ಒಂದು ಗುಂಪಿನಲ್ಲಿ ಮಾಹಿತಿ ಇದೆ ಎಂಬುದು ಒಂದು ಮಾತು, ಮಿದುಳು ಅದನ್ನು ಬಳಸುತ್ತಿದೆ ಎಂಬುದು ಬೇರೆಯೇ ಮಾತು. ಜನಪ್ರಿಯ ಬರಹಗಳು ಇವೆರಡನ್ನೂ ಒಂದೇ ಎಂಬಂತೆ ಬರೆದುಬಿಡುತ್ತವೆ.

ಹಾರ್ವರ್ಡ್ ವೈದ್ಯಕೀಯ ಶಾಲೆಯ ಕ್ರಿಸ್ಟೋಫರ್ ಹಾರ್ವಿ, ಸ್ಟೆಫಾನೊ ಪಾನ್ಜೆರಿ ಮತ್ತು ಸಂಗಡಿಗರು 2025ರಲ್ಲಿ ಪ್ರಕಟಿಸಿದ ಕೆಲಸ ಈ ಕಾರಣಕ್ಕೆ ನನಗೆ ಮುಖ್ಯವೆನಿಸುತ್ತದೆ. ಅವರು ಕೋಶಗಳನ್ನು ಏನು ನೋಡುತ್ತವೆ ಎಂಬುದರ ಮೇಲೆ ವಿಂಗಡಿಸದೆ, ಯಾರಿಗೆ ಸುದ್ದಿ ಕಳಿಸುತ್ತವೆ ಎಂಬುದರ ಮೇಲೆ ವಿಂಗಡಿಸಿದರು. ಇಲಿಗಳು ಪರದೆಯ ಮೇಲಿನ ಕೃತಕ ಜಟಿಲದಾರಿಯಲ್ಲಿ ಎಡಕ್ಕೋ ಬಲಕ್ಕೋ ತಿರುಗುವ ತೀರ್ಮಾನ ಮಾಡುತ್ತಿದ್ದಾಗ ಮಿದುಳಿನ ಹಿಂಬದಿಯ ಪ್ಯಾರಿಯೆಟಲ್ ಪ್ರದೇಶದ ನೂರಾರು ಕೋಶಗಳನ್ನು ದಾಖಲಿಸಲಾಯಿತು. ಯಾವ ಕೋಶದ ತಂತು ಯಾವ ಪ್ರದೇಶಕ್ಕೆ ಹೋಗಿದೆ ಎಂಬುದನ್ನು ಬಣ್ಣದ ಗುರುತಿನಿಂದ ಕಂಡುಕೊಳ್ಳಲಾಯಿತು. ಒಂದೇ ಗುರಿಗೆ ಸುದ್ದಿ ಕಳಿಸುವ ಕೋಶಗಳ ನಡುವೆ ಸಹಸಂಬಂಧ ಹೆಚ್ಚಿತ್ತು, ಮತ್ತು ಅದರ ವಿನ್ಯಾಸ ಇಡೀ ಗುಂಪಿನ ಮಾಹಿತಿಯನ್ನು ಹೆಚ್ಚಿಸುವಂತಿತ್ತು. ಗುರಿಯನ್ನು ಲೆಕ್ಕಿಸದೆ ಸುತ್ತಲಿನ ಕೋಶಗಳನ್ನೆಲ್ಲ ಒಟ್ಟಾಗಿ ನೋಡಿದರೆ ಆ ವಿನ್ಯಾಸ ಕಾಣುತ್ತಿರಲಿಲ್ಲ. ಇಲಿ ಸರಿಯಾದ ದಾರಿ ಹಿಡಿದಾಗ ಅದು ಇತ್ತು, ತಪ್ಪು ದಾರಿ ಹಿಡಿದಾಗ ಇರಲಿಲ್ಲ. ಸಂಕೇತದ ವ್ಯಾಕರಣ ಓದುಗನನ್ನು ನೋಡಿಕೊಂಡು ರೂಪುಗೊಂಡಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸುಳಿವನ್ನು ನಾನು ಓದಿಲ್ಲ.

ಈಗ ಚಿಪ್‌ಗಳ ವಿಷಯ. 2023ರಲ್ಲಿ ಸ್ಟ್ಯಾನ್‌ಫರ್ಡ್ ತಂಡವೊಂದು ಸ್ನಾಯುಗಳನ್ನು ನಡೆಸುವ ನರಕೋಶಗಳು ಕ್ಷೀಣಿಸುವ ಎಎಲ್‌ಎಸ್ ಕಾಯಿಲೆಯಿಂದ ಮಾತು ಅಸ್ಪಷ್ಟವಾಗಿದ್ದ ಮಹಿಳೆಯೊಬ್ಬರು ಮಾತಾಡಲು ಪ್ರಯತ್ನಿಸುವಾಗಿನ ಮಿಡಿತಗಳಿಂದ ನಿಮಿಷಕ್ಕೆ 62 ಪದಗಳನ್ನು ಬರಹಕ್ಕೆ ಇಳಿಸಿತು; 1,25,000 ಪದಗಳ ಶಬ್ದಕೋಶದಲ್ಲಿ ನಾಲ್ಕಕ್ಕೆ ಒಂದರಷ್ಟು ಪದ ತಪ್ಪುತ್ತಿತ್ತು. ಮರುವರ್ಷ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 256 ಎಲೆಕ್ಟ್ರೋಡುಗಳಿಂದ ಶೇಕಡಾ 97ಕ್ಕೂ ಹೆಚ್ಚು ಪದಗಳನ್ನು ಸರಿಯಾಗಿ ಹಿಡಿಯಿತು. ಇಲ್ಲಿ ಓದುಗ ಮಿದುಳಿನ ಇನ್ನೊಂದು ಪ್ರದೇಶವಲ್ಲ. ಗಂಟೆಗಟ್ಟಲೆ ಅದೇ ವ್ಯಕ್ತಿಯ ಮಿಡಿತಗಳ ಮೇಲೆ ತರಬೇತಿ ಪಡೆದ, ಭಾಷೆಯಲ್ಲಿ ಯಾವ ಪದದ ನಂತರ ಯಾವುದು ಬರುವ ಸಂಭವವಿದೆ ಎಂದೂ ಬಲ್ಲ ಒಂದು ಕಂಪ್ಯೂಟರ್ ಕಾರ್ಯಕ್ರಮ. ಒಬ್ಬರಿಗೆ ಕಲಿಸಿದ ಓದುಗ ಇನ್ನೊಬ್ಬರ ಮಿದುಳಿಗೆ ಹಾಗೆಯೇ ಒಗ್ಗುವುದಿಲ್ಲ. ಅದೇ ವ್ಯಕ್ತಿಯಲ್ಲಿಯೂ ದಿನ ಕಳೆದಂತೆ ಎಲೆಕ್ಟ್ರೋಡಿಗೆ ಸಿಗುವ ವಿನ್ಯಾಸ ಸರಿಯುವುದರಿಂದ ಮತ್ತೆ ಮತ್ತೆ ಹೊಂದಿಸಬೇಕಾಗುತ್ತದೆ.

ಇಷ್ಟು ಕಂಡ ಮೇಲೆ "ಮನಸ್ಸನ್ನು ಓದುವುದು" ಎಂಬ ಮಾತು ಪೂರ್ತಿ ಸುಳ್ಳೆಂದು ತಳ್ಳಿಹಾಕಲು ನಾನು ಸಿದ್ಧನಿದ್ದೆ. 2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಿಂದಲೇ ಬಂದ ಇನ್ನೊಂದು ಲೇಖನ ಆ ಧೈರ್ಯವನ್ನು ಕುಗ್ಗಿಸಿತು. ಮಾತಾಡಲು ಪ್ರಯತ್ನಿಸದೆ ಮನಸ್ಸಿನಲ್ಲೇ ಪದಗಳನ್ನು ಹೇಳಿಕೊಂಡಾಗಲೂ ಅವೇ ಕೋಶಗಳಲ್ಲಿ, ಪ್ರಯತ್ನದ ಮಾತಿಗೆ ಹೋಲುವ ಆದರೆ ಕ್ಷೀಣವಾದ ವಿನ್ಯಾಸ ಮೂಡುತ್ತದೆ. ಊಹಿಸಿಕೊಂಡ ವಾಕ್ಯಗಳನ್ನು ಶೇಕಡಾ 74ರವರೆಗಿನ ನಿಖರತೆಯಿಂದ ಓದಲು ಸಾಧ್ಯವಾಯಿತು. ಅದೃಷ್ಟಕ್ಕೆ ಕೋಶಗಳ ಅದೇ ಗುಂಪಿನಲ್ಲಿ, ಇದು ಹೇಳಲು ಹೊರಟ ಮಾತೋ ಒಳಗೇ ಇರಲಿ ಎಂದುಕೊಂಡ ಮಾತೋ ಎಂಬುದನ್ನು ಬೇರ್ಪಡಿಸುವ ವ್ಯತ್ಯಾಸವೂ ಇತ್ತು. ಹೀಗಾಗಿ ಒಳಮಾತನ್ನು ಕಡೆಗಣಿಸುವಂತೆ ಯಂತ್ರಕ್ಕೆ ಕಲಿಸಬಹುದೆಂದೂ, ಬಳಸುವವರು ಗುಪ್ತಪದವೊಂದನ್ನು ಮನಸ್ಸಿನಲ್ಲಿ ಹೇಳಿಕೊಂಡ ಮೇಲಷ್ಟೇ ಯಂತ್ರ ಓದಲು ತೊಡಗುವಂತೆ ಮಾಡಬಹುದೆಂದೂ ಅವರು ತೋರಿಸಿದರು.

ಕಾನೂನುಗಳು ಈ ಸೂಕ್ಷ್ಮವನ್ನು ಇನ್ನೂ ಹಿಡಿದಿಲ್ಲ. ಚಿಲಿ ದೇಶ 2021ರಲ್ಲಿ ಮಿದುಳಿನ ಚಟುವಟಿಕೆಗೆ ಸಂವಿಧಾನದ ರಕ್ಷಣೆ ಕೊಟ್ಟಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಂಪನಿಯೊಂದು ಸಂಗ್ರಹಿಸಿದ್ದ ವ್ಯಕ್ತಿಯೊಬ್ಬರ ಮಿದುಳಿನ ದತ್ತಾಂಶವನ್ನು ಅಳಿಸಲು ಆದೇಶಿಸಿತು. ಅಮೆರಿಕದ ಕೊಲೊರಾಡೊ 2024ರಲ್ಲಿ ನರ ದತ್ತಾಂಶವನ್ನು ಸೂಕ್ಷ್ಮ ಮಾಹಿತಿಯ ಪಟ್ಟಿಗೆ ಸೇರಿಸಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸೂಕ್ಷ್ಮ ಮಾಹಿತಿ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಕಾವಲು ಹಾಕುವ ಮಾತು ಹೆಚ್ಚಾಗಿ ದಾಖಲೆಯನ್ನು ಕುರಿತದ್ದು. ಆದರೆ ಮಿಡಿತಗಳ ದಾಖಲೆ ಓದುಗನಿಲ್ಲದೆ ಅಂಕಿಗಳ ರಾಶಿಯಷ್ಟೇ. ಇಂದು ಅದರಿಂದ ಏನೂ ತಿಳಿಯದಿದ್ದರೂ ಹತ್ತು ವರ್ಷದ ನಂತರ ಬರುವ ಜಾಣ ಓದುಗನಿಗೆ ಅದೇ ರಾಶಿಯಿಂದ, ಕೊಟ್ಟವರು ಊಹಿಸಿರದ ಸಂಗತಿಗಳು ಸಿಗಬಹುದು. ಹಾಗಿರುವಾಗ ಒಪ್ಪಿಗೆ ಪತ್ರದಲ್ಲಿ ಏನನ್ನು ದಾಖಲಿಸುತ್ತೇವೆ ಎಂಬುದರ ಜೊತೆಗೆ, ಅದನ್ನು ಯಾವ ಓದುಗನಿಂದ, ಯಾವ ಪ್ರಶ್ನೆಗೆ ಉತ್ತರವಾಗಿ ಓದಿಸುತ್ತೇವೆ ಎಂಬುದನ್ನೂ ಬರೆಯಬೇಕಾಗುತ್ತದೆ, ಮತ್ತು ಪ್ರಶ್ನೆ ಬದಲಾದಾಗಲೆಲ್ಲ ಮತ್ತೆ ಕೇಳಬೇಕಾಗುತ್ತದೆ.